ಹೊಸ ಸೈಲೆನ್ಸರ್ ಹಾಕಿ ಕೆಟ್ಟೆ: ನನ್ನ ಎಂಜಿಬಿ ಪಿಯುಸಿ ಪಾಸಾದ ಕಥೆ

ಹೋದ ವರ್ಷ ನಮ್ಮ ಮನೆಯಲ್ಲಿ ಇಬ್ಬರು ಪಿಯುಸಿಗೆ ಕೂತಿದ್ದರು. ಮಗಳು ಮೊದಲನೇ ಸಲಕ್ಕೇ ಪಾಸಾದಳು. ಕಾರು ತನ್ನ ಪಿಯುಸಿಯಲ್ಲಿ, ಅಂದರೆ ಹೊಗೆ ತಪಾಸಣೆಯಲ್ಲಿ, ನಾಲ್ಕು ಸಲ ಫೇಲಾಯಿತು. ಐದನೇ ಸಲ ಪಾಸಾದಾಗ ಬಂದ ಅಂಕ ಇಷ್ಟು: ಸಿಒ (ಕಾರ್ಬನ್ ಮಾನಾಕ್ಸೈಡ್) 1.4 ಪರ್ಸೆಂಟ್, ಎಚ್‌ಸಿ (ಸುಡದೆ ಉಳಿದ ಪೆಟ್ರೋಲ್) 420ರ ಆಸುಪಾಸು. ಭಾರತ್ ಸ್ಟೇಜ್ 2 ಹೊಗೆ ನಿಯಮಕ್ಕಿಂತ ಹಿಂದಿನ ಪೆಟ್ರೋಲ್ ಕಾರಿಗೆ ಐಡ್ಲಿಂಗ್‌ನಲ್ಲಿ (ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ) ಸಿಒ 3 ಪರ್ಸೆಂಟ್, ಎಚ್‌ಸಿ 1500 ಪಿಪಿಎಂ (ಹತ್ತು ಲಕ್ಷದಲ್ಲಿ 1500 ಪಾಲು) ತನಕ ಬಿಡುತ್ತಾರೆ. ನನ್ನದು ಅರ್ಧಕ್ಕಿಂತ ಕೆಳಗೆ ಬಂತು. "ಈ ಕಾರ್ಬೇಟರ್ ಇಟ್ಕೊಂಡು ಆಗಂಗಿಲ್ಲ ಬಿಡ್ರಿ ಸಾಹೇಬ್ರ" ಅಂತ ಕೈ ಆಡಿಸಿದವರು ಬೆಳಗಾವಿಯಲ್ಲಿ ಕಡಿಮೆ ಅಂದರೂ ಆರು ಜನ ಇದ್ದಾರೆ. ಮುಖ್ಯವಾಗಿ ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಗಾಡಿ 1966ರ ಎಂಜಿಬಿ ರೋಡ್‌ಸ್ಟರ್, ಎರಡು ಸೀಟಿನ ಬ್ರಿಟಿಷ್ ಸ್ಪೋರ್ಟ್ಸ್ ಕಾರು. 1798 ಸಿಸಿ, ಐದು ಬೇರಿಂಗಿನ ಎಂಜಿನ್, ಎಸ್‌ಯು ಕಂಪನಿಯ ಎರಡು ಎಚ್‌ಎಸ್4 ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ). ಪಾಸಿಟಿವ್ ಅರ್ಥ್, ಅಂದರೆ ಬ್ಯಾಟರಿಯ ಪ್ಲಸ್ ತುದಿ ಗಾಡಿಯ ಬಾಡಿಗೆ. ಸೀಟಿನ ಹಿಂದೆ ಆರಾರು ವೋಲ್ಟಿನ ಎರಡು ಬ್ಯಾಟರಿ. 2011ರಲ್ಲಿ ಕ್ಯಾಂಪ್ ಕಡೆಯ ಒಂದು ಮಿಲಿಟರಿ ಮನೆತನದಿಂದ ತೆಗೆದುಕೊಂಡೆ. ಹುಣಸೆ ಮರದ ಕೆಳಗೆ ತಾಡಪತ್ರಿ ಹೊದ್ದು ನಿಂತಿತ್ತು. ಡಿಕ್ಕಿಯಲ್ಲಿ ಇಲಿಗಳ ಸಂಸಾರ. ಎಷ್ಟು ಕೊಟ್ಟೆ ಅನ್ನೋದು ಇಲ್ಲಿ ಬೇಡ, ಮನೆಯವರೂ ಇದನ್ನು ಓದುತ್ತಾರೆ.

ನನ್ನದು ಉದ್ಯಮಬಾಗದಲ್ಲಿ ಸಣ್ಣ ಟೂಲ್ ರೂಮ್. ಹೈಡ್ರಾಲಿಕ್ ವಾಲ್ವಿನ ಸ್ಪೂಲ್, ಬುಷ್ ಇಂಥವನ್ನು ಮಾಡಿ ಕೊಡುತ್ತೇವೆ. ಐದು ಮೈಕ್ರಾನ್ ತಪ್ಪಿದರೆ ಮಾಲು ಮರುದಿನವೇ ವಾಪಸ್ ಬರುವ ಧಂದೆ. ಮುಂದಿನ ಕಥೆಗೆ ಇದು ಬೇಕಾಗುತ್ತೆ, ಅದಕ್ಕೆ ಹೇಳಿದೆ.

ಮೊದಲ ಕೆಲವು ವರ್ಷ ಈ ಗಾಡಿ ಪಿಯುಸಿಯಲ್ಲಿ ಆರಾಮಾಗಿ ಪಾಸಾಗುತ್ತಿತ್ತು. 2.7, 2.8, ಒಮ್ಮೆ 2.9. ಅಂಚಿನಲ್ಲೇ ಆದರೂ ಪಾಸು ಪಾಸೇ ಅಲ್ವಾ. ಟ್ಯೂನಿಂಗ್‌ನಲ್ಲಿ ನನ್ನ ಕೈ ಪಳಗಿದೆ ಅಂತ ನಾಲ್ಕು ಜನರ ಮುಂದೆ ಹೇಳಿಕೊಂಡೂ ಇದ್ದೆ. ಆಮೇಲೆ ಒಂದು ದೀಪಾವಳಿ ಹೊತ್ತಿಗೆ ಖಾನಾಪುರ ರಸ್ತೆಯ ಒಂದು ಸ್ಪೀಡ್‌ಬ್ರೇಕರ್ ಮೇಲೆ ಸೈಲೆನ್ಸರ್ ಕಳಚಿ ಬಿತ್ತು. ಎತ್ತಿ ನೋಡಿದರೆ ಜರಡಿ. ಒಳಗಿನ ತಗಡು ಪುಡಿಪುಡಿಯಾಗಿ ಉದುರುತ್ತಿತ್ತು. ಏಳೂವರೆ ಸಾವಿರ ಕೊಟ್ಟು ಹೊಸದು ಮಾಡಿಸಿದೆ. ಸದ್ದು ಎಷ್ಟು ಚೆಂದ ಬಂತೆಂದರೆ ಎರಡು ದಿನ ಸುಮ್ನೆ ತಿಲಕವಾಡಿ ಸುತ್ತಿದೆ.

ಮೂರನೇ ದಿನ ಪಿಯುಸಿಗೆ ಹೋದೆ. ಸಿಒ 6.8. ಎಚ್‌ಸಿ 1700 ಚಿಲ್ಲರೆ.

ಪಿಯುಸಿ ಕೇಂದ್ರದ ಹುಡುಗ ಪ್ರೋಬ್ (ಹೊಗೆ ಅಳೆಯುವ ಕೊಳವೆ) ಹೊರಗೆ ತೆಗೆದು ಜಾಡಿಸಿ ಮತ್ತೆ ಹಾಕಿದ. 6.9. ಮೊದಲಾದರೆ ಏನಾದರೂ ಮಾತಾಡಿಕೊಳ್ಳಬಹುದಿತ್ತೇನೋ. ಈಗ ನಂಬರ್ ಪ್ಲೇಟಿನ ಫೋಟೋ ಸಮೇತ ಎಲ್ಲ ಆನ್‌ಲೈನ್ ಹೋಗುತ್ತೆ. ಒಳ್ಳೆಯದೇ ಆಯಿತು ಅನ್ನಿ.

ಮನೆಗೆ ಬಂದು ಚಹಾ ಕುಡಿಯುವಾಗ ಹೊಳೆಯಿತು. ಇಷ್ಟು ವರ್ಷ ಪಾಸಾಗಿದ್ದು ನಾನಲ್ಲ, ತೂತು ಬಿದ್ದ ಸೈಲೆನ್ಸರ್. ಐಡ್ಲಿಂಗ್‌ನಲ್ಲಿ ಹೊಗೆ ಒಂದೇ ಸಮ ಹೊರಗೆ ತಳ್ಳುವುದಿಲ್ಲ, ಮಿಡಿಯುತ್ತಾ ಬರುತ್ತೆ. ಎರಡು ಮಿಡಿತದ ನಡುವೆ ತೂತಿನಿಂದ ಹೊರಗಿನ ಗಾಳಿ ಒಳಗೆ ಸೇರುತ್ತೆ. ಹಾಲಿಗೆ ನೀರು ಸೇರಿಸಿದ ಹಾಗೆ. ಗೌಳಿ ನೀರು ಹಾಕುವುದು ಬಿಟ್ಟ ದಿನ ಹಾಲಿನ ನಿಜವಾದ ಬಣ್ಣ ಕಂಡಿತು, ಅಷ್ಟೆ.

ವಿಷಯ ಗೊತ್ತಾಗುತ್ತಿದ್ದ ಹಾಗೆ ಸಲಹೆಗಳ ಮಳೆ. "ಹೊಸ ಸೈಲೆನ್ಸರಿಗೂ ಒಂದು ತೂತು ಹೊಡೀರಿ, ಮುಗೀತು" ಅಂದ ಒಬ್ಬ. ಆಕ್ಸಿಜನ್ ಕೂಡ ತೋರಿಸುವ ಮಷೀನಿನ ಮುಂದೆ ಆ ಆಟ ನಡೆಯಲ್ಲ. ನಡೆದರೂ ಏಳೂವರೆ ಸಾವಿರದ ಪೈಪಿಗೆ ನಾನು ತೂತು ಹೊಡೆಯಲ್ಲ. ಇನ್ನೊಬ್ಬರು ಪದ್ಮಿನಿಯ ಸೋಲೆಕ್ಸ್ ಕೂರಿಸಿ ಅಂದರು. ಮತ್ತೊಬ್ಬರು ಮಾರುತಿ ಕಾರ್ಬುರೇಟರಿಗೆ ಅಡಾಪ್ಟರ್ ಪ್ಲೇಟ್ ಮಾಡಿ ಅಂದರು. ಪುಣೆಯಿಂದ ಬಂದ ಒಬ್ಬರು ಎರಡೂ ಎಸ್‌ಯು ಬಿಚ್ಚಿ ಎಸೆದು ಫ್ಯುಯೆಲ್ ಇಂಜೆಕ್ಷನ್ ಹಾಕಿಕೊಡ್ತೀನಿ ಅಂತ ಒಂದು ಲಕ್ಷದ ಇಪ್ಪತ್ತು ಸಾವಿರ ಹೇಳಿದರು. ಎಸ್‌ಯು ಇಲ್ಲದ ಎಂಜಿಬಿ ಅಂದರೆ ಒಗ್ಗರಣೆ ಇಲ್ಲದ ಸಾರು. ಆಗಲ್ಲ ಅಂದೆ.

ಎರಡನೇ ಸಲ ಹೋಗುವ ಮುಂಚೆ ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವೇ. ಪೆಟ್ರೋಲ್ ಬರುವ ಜೆಟ್ಟನ್ನು ಏರಿಳಿಸುವ ಜೆಟ್ ನಟ್ ಹಿಡಿದು ಒಂದೊಂದೇ ಫ್ಲಾಟ್ (ನಟ್ಟಿನ ಆರು ಮುಖದಲ್ಲಿ ಒಂದು) ಮೇಲಕ್ಕೆ ತಿರುಗಿಸುತ್ತಾ ಹೋದೆ. ಮೇಲೆ ಹೋದಷ್ಟೂ ಪೆಟ್ರೋಲ್ ಕಡಿಮೆ. ಬ್ರಿಡ್ಜಿನಿಂದ (ಕಾರ್ಬುರೇಟರಿನ ಗಾಳಿ ದಾರಿಯ ಕೆಳಗಿನ ಕಟ್ಟೆ) 12 ಫ್ಲಾಟ್ ಕೆಳಗೆ ಶುರು ಮಾಡಬೇಕು ಅಂತ ನಿಯಮ. ನನ್ನದು ಹಿಂದಿನ ಕಾರ್ಬುರೇಟರಿನಲ್ಲಿ ಐದಕ್ಕೆ ಬಂದಿದ್ದರೂ ಇನ್ನೂ ರಿಚ್ (ಪೆಟ್ರೋಲ್ ಜಾಸ್ತಿ). ಮುಂದಿನದು ಎಂಟರಲ್ಲೇ ಕೆಮ್ಮಲು ಶುರು ಮಾಡಿತು. ಐಡ್ಲಿಂಗ್ ನಿಮಿಷಕ್ಕೆ 700 ಸುತ್ತಿಗೂ 1100ಕ್ಕೂ ನಡುವೆ ಉಯ್ಯಾಲೆ ಆಡುತ್ತಿತ್ತು. ಹಾಗೇ ತೆಗೆದುಕೊಂಡು ಹೋದೆ. ಸಿಒ 4.1ಕ್ಕೆ ಇಳಿದಿತ್ತು. ಎಚ್‌ಸಿ ಮಾತ್ರ 2400ಕ್ಕೆ ಏರಿ ಕೂತಿತ್ತು. ಒಂದನ್ನು ಒತ್ತಿದರೆ ಇನ್ನೊಂದು ಎದ್ದಿತು.

ಆಗಲೇ ನಿಂತು ಯೋಚನೆ ಮಾಡಬೇಕಿತ್ತು. ಮಾಡಲಿಲ್ಲ. ಗೋವಾದಲ್ಲಿ ಎಸ್‌ಯು ಬಲ್ಲ ಹಳೇ ಮೆಕ್ಯಾನಿಕ್ ಇದ್ದಾರೆ ಅಂತ ಯಾರೋ ಅಂದರು ಅಂತ ಜಾಂಬೋಟಿ, ಕಣಕುಂಬಿ, ಚೋರ್ಲಾ ಘಾಟ್ ಇಳಿದು ಮಡಗಾಂವ್‌ಗೆ ಹೋದೆ. ಅವರು ಕಿವಿಗೆ ರಬ್ಬರ್ ಪೈಪ್ ಇಟ್ಟುಕೊಂಡು ಅರ್ಧ ದಿನ ಕೂತು ಸೆಟ್ ಮಾಡಿದರು. ಕೈ ಚೆನ್ನಾಗಿತ್ತು, ಸುಳ್ಳು ಹೇಳಬಾರದು. 3500 ತೆಗೆದುಕೊಂಡರು. ಅಲ್ಲಿಯ ಮಷೀನಿನಲ್ಲಿ 2.9 ತೋರಿಸಿತು. ಘಾಟ್ ಹತ್ತಿ ಬೆಳಗಾವಿಗೆ ಬಂದು ನೋಡಿದರೆ 3.6. ನಾವಿರುವುದು ಸಮುದ್ರಕ್ಕಿಂತ 2500 ಅಡಿ ಮೇಲೆ, ಗಾಳಿ ತೆಳು, ಮಿಕ್ಸ್ಚರ್ ಸ್ವಲ್ಪ ರಿಚ್ ಆಗುತ್ತೆ. ಎಸ್‌ಯು ಅದನ್ನು ಒಂದಿಷ್ಟು ತಾನೇ ಸರಿಮಾಡಿಕೊಳ್ಳುತ್ತೆ, ಪೂರ್ತಿ ಅಲ್ಲ. ಅಂಚಿನಲ್ಲಿ ಸೆಟ್ ಮಾಡಿದ ಗಾಡಿಗೆ ಅಷ್ಟೇ ಸಾಕಾಯಿತು ಕಾಲು ಜಾರಲು. ಅಲ್ಲಿಗೆ ಮೂರನೇ ಸಲ ಫೇಲು. ಪೆಟ್ರೋಲ್, ಊಟ, 3500, ಎಲ್ಲ ಸೇರಿ ಆರು ಸಾವಿರ ಹೋಯಿತು.

ಆ ರಾತ್ರಿ ಸಿಟ್ಟಿನಲ್ಲಿ ನಾಲ್ಕೂ ಪ್ಲಗ್ ಬಿಚ್ಚಿ ಬಿಳಿ ಕಾಗದದ ಮೇಲೆ ಸಾಲಾಗಿ ಇಟ್ಟೆ. ಒಂದು ಮತ್ತು ಎರಡು ಸುಣ್ಣ ಬಳಿದ ಹಾಗೆ ಬೆಳ್ಳಗೆ. ಮೂರು ಮತ್ತು ನಾಲ್ಕು ಕಾಡಿಗೆ ಕಪ್ಪು. ಈ ಎಂಜಿನ್ನಿನಲ್ಲಿ ಮುಂದಿನ ಕಾರ್ಬುರೇಟರ್ ಒಂದು, ಎರಡಕ್ಕೆ. ಹಿಂದಿನದು ಮೂರು, ನಾಲ್ಕಕ್ಕೆ. ಮುಂದಿನ ಜೋಡಿ ಹಸಿದು ಮಿಸ್ ಹೊಡೆದು ಸುಡದ ಪೆಟ್ರೋಲನ್ನು ಹೊರಗೆ ಉಗುಳುತ್ತಿತ್ತು, ಅದು ಎಚ್‌ಸಿ. ಹಿಂದಿನ ಜೋಡಿ ಹೊಟ್ಟೆ ಬಿರಿಯೆ ಕುಡಿದು ಅರೆಬರೆ ಸುಡುತ್ತಿತ್ತು, ಅದು ಸಿಒ. ಎರಡೂ ಒಂದೇ ಪೈಪಿನಲ್ಲಿ ಬಂದು ಮಷೀನಿಗೆ ಸಿಗುತ್ತಿದ್ದವು. ನೀವು ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಎರಡು ಕಾರ್ಬುರೇಟರಿನ ಗಾಡಿಯಲ್ಲಿ ಸಿಒ, ಎಚ್‌ಸಿ ಎರಡೂ ಒಟ್ಟಿಗೆ ಜಾಸ್ತಿ ಬಂದರೆ ನಟ್ ಮುಟ್ಟಬೇಡಿ. ಎರಡೂ ಬೇರೆ ಬೇರೆ ಎಂಜಿನ್ ಓಡಿಸುತ್ತಿವೆ ಅಂತ ಅರ್ಥ. ಮೊದಲು ಯಾಕೆ ಅಂತ ಹುಡುಕಿ.

ಯಾಕೆ ಅನ್ನೋದು ಐದು ನಿಮಿಷದಲ್ಲಿ ಸಿಕ್ಕಿತು. ಎಂಜಿನ್ ಓಡುವಾಗ ಮುಂದಿನ ಥ್ರಾಟಲ್ ಸ್ಪಿಂಡಲ್ಲಿನ (ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಕಡ್ಡಿ) ತುದಿಗೆ ಎರಡು ಹನಿ ತೆಳು ಎಣ್ಣೆ ಬಿಟ್ಟೆ. ಚುಸ್ ಅಂತ ಒಳಗೆ ಎಳೆದುಕೊಂಡು ಬಿಟ್ಟಿತು, ಐಡ್ಲಿಂಗ್ ಬದಲಾಯಿತು. ಅಂದರೆ ಆ ಸಂದಿನಿಂದ ಗಾಳಿಯೂ ಒಳಗೆ ಹೋಗುತ್ತಿತ್ತು. ಬೆರಳಲ್ಲಿ ಅಲ್ಲಾಡಿಸಿದರೆ ಟಕಟಕ ಅನ್ನುತ್ತಿತ್ತು. ಡಯಲ್ ಇಟ್ಟು ನೋಡಿದೆ, 8 ಥೌ (ಒಂದು ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು) ಆಟ. ಹಿಂದಿನದು ಮೂರು, ಮೂರೂವರೆ. ಹದಿಮೂರು ವರ್ಷ ಈ ಗಾಡಿ ಓಡಿಸಿ, ದಿನಾ ಮೈಕ್ರಾನ್ ಅಳೆಯುವ ಮನುಷ್ಯ, ಸ್ವಂತ ಗಾಡಿಯ ಸ್ಪಿಂಡಲ್ ಅಳೆದಿರಲಿಲ್ಲ. ನಮ್ಮ ಹಿರಿಯ ಟರ್ನರ್ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ.

ಸವೆದ ತೂತಿಗೆ ಬುಷ್ (ಒಳಗೆ ಕೂರುವ ಲೋಹದ ಬಳೆ) ಹಾಕುವುದು ಸುಲಭ ಅಂದುಕೊಂಡಿದ್ದೆ. ಇಲ್ಲೇ ದೊಡ್ಡ ಏಟು ತಿಂದೆ. ಅವಸರದಲ್ಲಿ ಮೊದಲ ಕಾರ್ಬುರೇಟರಿನ ಬಾಡಿಯನ್ನು ಡ್ರಿಲ್ ಪ್ರೆಸ್‌ಗೆ ಹಾಕಿದೆ. ಎರಡು ಕಡೆಯ ತೂತೂ ಪ್ರತ್ಯೇಕವಾಗಿ ದೊಡ್ಡದು ಮಾಡಿ ಬುಷ್ ಒತ್ತಿದೆ. ಸ್ಪಿಂಡಲ್ ತೂರಿಸಿದರೆ ಒಂದು ಕಡೆ ಸಡಿಲ, ಇನ್ನೊಂದು ಕಡೆ ಬಿಗಿ. ಗಾಳಿಯ ದಾರಿ ಮುಚ್ಚಿ ತೆರೆಯುವ ಬಟರ್‌ಫ್ಲೈ ತಗಡು ಹಾಕಿದರೆ ಮೂಲೆಯಲ್ಲಿ ಕಚ್ಚಿ ನಿಂತಿತು. ತೂತು ಸಾಲು ತಪ್ಪಿತ್ತು. ಬಾಡಿ ಗುಜರಿಗೆ. ಮುಂಬೈಯ ಹಳೇ ಪಾರ್ಟ್ಸ್ ಬಜಾರಿನಿಂದ ಇನ್ನೊಂದು ಬಾಡಿ ತರಿಸಿದೆ, ನಾಲ್ಕೂವರೆ ಸಾವಿರ. ಅದು ಬರುವ ತನಕ ಇಪ್ಪತ್ತು ದಿನ ಗಾಡಿ ಇಟ್ಟಿಗೆಯ ಮೇಲೆ ಕೂತ ಹಾಗೆ ಕೂತಿತ್ತು.

ಎರಡನೇ ಸಲ ಬುದ್ಧಿ ಬಂದಿತ್ತು. ಬಾಡಿಯನ್ನು ಫ್ಲೇಂಜಿನ ಮುಖದ ಮೇಲೆ ಕೂರಿಸಲು ಒಂದು ಫಿಕ್ಸ್ಚರ್ ಮಾಡಿಕೊಂಡೆವು. ಒಂದೇ ಸೆಟ್ಟಿಂಗಿನಲ್ಲಿ ಎರಡೂ ಕಡೆ ಬೋರ್ ಹೊಡೆದೆವು. ಬುಷ್ ಫಾಸ್ಫರ್ ಬ್ರಾಂಜ್, ನಮ್ಮಲ್ಲೇ ಉಳಿದ ತುಂಡು. ಒತ್ತಿದ ಮೇಲೆ ಎರಡೂ ಬುಷ್ ದಾಟಿ ಹೋಗುವ ಉದ್ದನೆಯ ರೀಮರ್ ಒಂದೇ ಸಲ ಎಳೆದೆವು. ಸ್ಪಿಂಡಲ್ 5/16 ಇಂಚು, ಹೊಸದು. ಕ್ಲಿಯರೆನ್ಸ್ ಎಷ್ಟು ಬಿಟ್ಟೆ ಅಂತ ಕೇಳಬೇಡಿ. ಅಂಗಡಿಗೆ ಬಂದರೆ ಚಹಾ ಕುಡಿಸ್ತೀನಿ, ಫಿಕ್ಸ್ಚರ್ ತೋರಿಸ್ತೀನಿ, ಅದೊಂದು ಮಾತ್ರ ಹೇಳಲ್ಲ. ಎರಡು ಸಲ ತಪ್ಪಿ ಮೂರನೇ ಸಲ ಸಿಕ್ಕಿದ ನಂಬರ್ ಅದು. ಬಟರ್‌ಫ್ಲೈಯ ಸ್ಕ್ರೂಗಳನ್ನು ಮಾತ್ರ ಹಳೆಯದೇ ವಾಪಸ್ ಹಾಕಬೇಡಿ. ಹೊಸದು ಹಾಕಿ, ಹಿಂದಿನ ಸೀಳಿದ ತುದಿಯನ್ನು ಅಗಲಿಸಿ. ಒಂದು ಸ್ಕ್ರೂ ಕಳಚಿದರೆ ನೇರ ಸಿಲಿಂಡರಿಗೇ ಹೋಗುತ್ತೆ.

ಇಷ್ಟು ಮಾಡಿದ ಮೇಲೂ ಹಿಂದಿನದು ರಿಚ್ ಯಾಕೆ ಅನ್ನೋದು ಉಳಿದಿತ್ತು. ಜೆಟ್ ತೆಗೆದು ನಮ್ಮ ಪ್ರೊಫೈಲ್ ಪ್ರೊಜೆಕ್ಟರಿನಲ್ಲಿ ಇಟ್ಟೆ. ಪರದೆಯ ಮೇಲೆ ಗುಂಡಗೆ ಕಾಣಬೇಕಾದ ತೂತು ಕೋಳಿ ಮೊಟ್ಟೆಯ ಹಾಗೆ ಕಂಡಿತು. ಒಂದು ಕಡೆ 90 ಥೌ ಸರಿಯಾಗಿದೆ, ಅಡ್ಡಕ್ಕೆ 94ರ ಹತ್ತಿರ. ಯಾರೋ ಯಾವುದೋ ಕಾಲದಲ್ಲಿ ಜೆಟ್ ಸೆಂಟರ್ ಮಾಡದೆ ಬಿಟ್ಟಿದ್ದಾರೆ, ಜೆಟ್ಟಿನೊಳಗೆ ಏರಿಳಿಯುವ ಸೂಜಿ ವರ್ಷಗಟ್ಟಲೆ ಒಂದೇ ಪಕ್ಕಕ್ಕೆ ಉಜ್ಜಿದೆ. ಐಡ್ಲಿಂಗ್‌ನಲ್ಲಿ ಸೂಜಿಗೂ ಜೆಟ್ಟಿಗೂ ನಡುವಿನ ಸಂದು ಕೂದಲೆಳೆಯಷ್ಟು. ಅಲ್ಲಿ ನಾಲ್ಕು ಥೌ ಅಂದರೆ ಬಾಗಿಲೇ ತೆರೆದ ಹಾಗೆ. ನಟ್ ಎಷ್ಟು ಮೇಲೆ ತಂದರೂ ರಿಚ್ ಇಳಿಯದಿದ್ದಾಗ ಜೆಟ್ ನೋಡಿ, ಫ್ಲೋಟ್ ಮಟ್ಟ (ಕಾರ್ಬುರೇಟರಿನಲ್ಲಿ ನಿಲ್ಲುವ ಪೆಟ್ರೋಲಿನ ಮಟ್ಟ) ನೋಡಿ, ಚೋಕ್ ಲಿಂಕ್ ಪೂರ್ತಿ ವಾಪಸ್ ಬರುತ್ತಿದೆಯಾ ನೋಡಿ. ನನ್ನಲ್ಲಿ ಮೂರೂ ಇತ್ತು.

ಇಂಗ್ಲೆಂಡಿನಿಂದ ಕಿಟ್ ತರಿಸಿದೆ. ಎರಡು ಜೆಟ್, 5 ನಂಬರಿನ ಎರಡು ಸೂಜಿ, ಫ್ಲೋಟ್ ವಾಲ್ವ್, ಗ್ಯಾಸ್ಕೆಟ್. ಸಾಮಾನಿಗೆ ಒಂಬತ್ತು ಸಾವಿರ, ಕೊರಿಯರ್ ಮತ್ತು ಕಸ್ಟಮ್ಸ್ ನಾಲ್ಕು. ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನಿಗೆ 13 ಸಾವಿರ. ಹೊಟ್ಟೆ ಉರಿಯಿತು, ಆದರೆ ಜೆಟ್ ನಾನು ಮಾಡಲಾರೆ. ಪ್ರಯತ್ನ ಮಾಡಿ ನೋಡಿದ್ದೆ, ಅದು ಬೇರೆ ಕಥೆ.

ಜೆಟ್ ಸೆಂಟರ್ ಮಾಡುವ ಕೆಲಸ ನನಗೆ ಇಡೀ ರಿಪೇರಿಯಲ್ಲೇ ಇಷ್ಟವಾದದ್ದು. ಸೂಜಿಯ ಭುಜ ಕಾರ್ಬುರೇಟರಿನ ಪಿಸ್ಟನ್ನಿನ (ಎಂಜಿನ್ನಿನದಲ್ಲ) ಮುಖಕ್ಕೆ ಸಮನಾಗಿ ಕೂರಿಸಿ, ಜೆಟ್ಟನ್ನು ಪೂರ್ತಿ ಮೇಲೆ ಎತ್ತಿ, ಕೆಳಗಿನ ಲಾಕ್ ನಟ್ ಅರ್ಧ ಸುತ್ತು ಸಡಿಲ ಮಾಡಿ, ಪಿಸ್ಟನ್ನನ್ನು ಪೆನ್ಸಿಲಿನಿಂದ ಒತ್ತಿ ಹಿಡಿದು ನಟ್ ಬಿಗಿ ಮಾಡಬೇಕು. ಆಮೇಲೆ ಪಿಸ್ಟನ್ ಎತ್ತಿ ಬಿಡಬೇಕು. 'ಟಕ್' ಅಂತ ಬ್ರಿಡ್ಜಿಗೆ ಬಡಿದರೆ ಸರಿ. 'ಥಪ್' ಅಂದರೆ ಎಲ್ಲೋ ಉಜ್ಜುತ್ತಿದೆ. ಹಿಂದಿನದು ಎರಡನೇ ಸಲಕ್ಕೆ ಟಕ್ ಅಂದಿತು. ಮುಂದಿನದು ಹನ್ನೊಂದು ಸಲ ಥಪ್ ಅಂದಿತು. ಹನ್ನೆರಡನೇ ಸಲ ಟಕ್ ಅಂದಾಗ ರಾತ್ರಿ ಒಂದೂವರೆ. ಒಬ್ಬನೇ ಕೂತು ಇಪ್ಪತ್ತು ಸಲ ಎತ್ತಿ ಬಿಟ್ಟು ಕೇಳಿದೆ. ಮೇಲಿನ ಮನೆಯ ಬಾಡಿಗೆಯವರು ಲೈಟ್ ಹಾಕಿದರು.

ಈ ನಡುವೆ ಮಾಡಿದ ಕೆಲವು ಹುಚ್ಚಾಟಗಳನ್ನೂ ಹೇಳಿಬಿಡ್ತೀನಿ. ಸಿಒ ಇಳಿಸಲು ತೆಳು ಮಿಕ್ಸ್ಚರಿನ 21 ನಂಬರ್ ಸೂಜಿ ಹಾಕಿ ನೋಡಿದೆ. ಐಡ್ಲಿಂಗ್‌ನಲ್ಲಿ ಲಾಭ ಹೆಚ್ಚುಕಡಿಮೆ ಸೊನ್ನೆ, ಯಾಕೆಂದರೆ ಅಲ್ಲಿ ಕೆಲಸ ಮಾಡುವುದು ಸೂಜಿಯ ಮೇಲ್ತುದಿ ಮಾತ್ರ, ಅದನ್ನು ನಟ್ಟಿನಲ್ಲೇ ಸರಿ ಮಾಡಬಹುದು. ನಷ್ಟ ಮಾತ್ರ ಚೋರ್ಲಾ ಏರಿನಲ್ಲಿ ಕಂಡಿತು. ಮೂರನೇ ಗೇರಿನಲ್ಲಿ ಎಂಜಿನ್ ಒಳಗೆ ಯಾರೋ ಗೋಲಿ ಆಡಿದ ಹಾಗೆ ಚಟಚಟ ಸದ್ದು, ಟೆಂಪರೇಚರ್ ಮುಳ್ಳು ಏರುತ್ತಲೇ ಇತ್ತು. ವಾಪಸ್ 5 ಹಾಕಿದೆ.

ಆ ಪಿಸ್ಟನ್ ಗಬಕ್ಕನೆ ಮೇಲೇಳದ ಹಾಗೆ ತಡೆಯುವ ಡ್ಯಾಂಪರ್ ಎಣ್ಣೆಯಲ್ಲೂ ಆಟ ಆಡಿದೆ. ಹೊಲಿಗೆ ಮಷೀನ್ ಎಣ್ಣೆ, ಎಂಜಿನ್ ಆಯಿಲ್, ನಮ್ಮ ಅಂಗಡಿಯ ಹೈಡ್ರಾಲಿಕ್ 68. ಒಮ್ಮೆ, ನಗಬೇಡಿ, ಕೊಬ್ಬರಿ ಎಣ್ಣೆ. ಡಿಸೆಂಬರಿನ ಬೆಳಗಾವಿ ಅದು. ಬೆಳಿಗ್ಗೆ ಹೋಗಿ ನೋಡಿದರೆ ಡ್ಯಾಶ್‌ಪಾಟಿನಲ್ಲಿ ಎಣ್ಣೆ ತುಪ್ಪದ ಹಾಗೆ ಗಟ್ಟಿಯಾಗಿ ಕೂತಿದೆ, ಪಿಸ್ಟನ್ ಮೇಲೇಳಲ್ಲ. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದ ತಕ್ಷಣ ಹಿಂದೆ ಕರಿ ಮೋಡ. ಎದುರು ಮನೆಯ ಅಜ್ಜಿ ಒಣಹಾಕಿದ್ದ ಸೀರೆ ಒಳಗೆ ತೆಗೆದುಕೊಂಡು ಹೋದರು. ಅಂದ ಹಾಗೆ ಡ್ಯಾಂಪರ್ ಎಣ್ಣೆ ಐಡ್ಲಿಂಗ್ ಸಿಒಗೆ ಏನೂ ಮಾಡಲ್ಲ. ಅದು ಪಿಕಪ್ಪಿಗೆ ಮಾತ್ರ. 20 ಗ್ರೇಡ್ ಹಾಕಿ ಮರೆತುಬಿಡಿ.

ಗುಜರಿಯಿಂದ ಮಾರುತಿಯ ಆಕ್ಸಿಜನ್ ಸೆನ್ಸರ್ ತಂದು ಪೈಪಿಗೆ ಬೆಸುಗೆ ಹಾಕಿಸಿ ಮಲ್ಟಿಮೀಟರಿಗೆ ಕೊಟ್ಟೂ ನೋಡಿದೆ. ರಿಚ್ಚಾ ಲೀನಾ (ತೆಳುವಾ) ಅಂತ ಹೇಳುತ್ತೆ, ಎಷ್ಟು ರಿಚ್ ಅಂತ ಹೇಳಲ್ಲ. ಸಿಒ ಮೂರಿದ್ದರೂ ಒಂಬತ್ತಿದ್ದರೂ ಹೆಚ್ಚುಕಡಿಮೆ ಅದೇ 0.8, 0.9 ವೋಲ್ಟ್. ಬಿಚ್ಚಿ ಬೋಲ್ಟ್ ಹಾಕಿ ಮುಚ್ಚಿದೆ.

ಪೆಟ್ರೋಲಿನ ಬಗ್ಗೆಯೂ ಎರಡು ಮಾತು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ 20 ಪರ್ಸೆಂಟ್ ತನಕ ಎಥೆನಾಲ್ ಬೆರೆತ ಪೆಟ್ರೋಲ್. ನಮ್ಮ ಚಿಕ್ಕೋಡಿ, ಅಥಣಿ, ಮುಧೋಳದ ಕಬ್ಬಿನಿಂದಲೂ ಆದ ಎಥೆನಾಲ್ ಅದರಲ್ಲಿದೆ. ರೈತರ ಮನೆಯವನಾಗಿ ನನಗೆ ಖುಷಿಯೇ. ಎಥೆನಾಲ್ ಸುಡಲು ಪೆಟ್ರೋಲಿನಷ್ಟು ಗಾಳಿ ಬೇಡ, ಹಾಗಾಗಿ ಅದೇ ಜೆಟ್ಟಿನಲ್ಲಿ ಮಿಕ್ಸ್ಚರ್ ತಾನಾಗಿ ತೆಳುವಾಗುತ್ತೆ. ಸಿಒ ದೃಷ್ಟಿಯಿಂದ ಇದು ಪುಕ್ಕಟೆ ಲಾಭ. ಆದರೆ ಹಳೇ ರಬ್ಬರ್ ಪೈಪುಗಳನ್ನು ಅದು ಬಿಡಲ್ಲ. ಟ್ಯಾಂಕಿನ ಹತ್ತಿರದ ನನ್ನ ಪೈಪು ಒಳಗಿನಿಂದ ಡಾಂಬರಿನ ಹಾಗೆ ಕರಗಿ, ಆ ಕಸ ಫ್ಲೋಟ್ ವಾಲ್ವಿನಲ್ಲಿ ಸಿಕ್ಕಿ, ಮನೆ ಮುಂದೆ ಪೆಟ್ರೋಲ್ ತೊಟ್ಟಿಕ್ಕಿತು. ಹಿಂದಿನ ಚಕ್ರದ ಹತ್ತಿರ ಪಂಪು ನಿಲ್ಲದೆ ಟಿಕ್ ಟಿಕ್ ಅನ್ನುತ್ತಿದ್ದದ್ದರಿಂದ ಗೊತ್ತಾಯಿತು. ಫ್ಲೋಟ್ ಬೌಲ್ ತುಂಬಿದ ಮೇಲೆ ಅದು ಸುಮ್ಮನಾಗಬೇಕು. ಆಗದಿದ್ದರೆ ಕೀ ತೆಗೆದು ಬಾನೆಟ್ ಎತ್ತಿ. ಇ20ಗೆ ಆಗುವ ಹೋಸ್ ಕೇಳಿ ಹಾಕಿಸಿ, ಮೀಟರಿಗೆ ಇನ್ನೂರು ಮುನ್ನೂರು ಜಾಸ್ತಿ ಆಗುತ್ತೆ, ಆಗಲಿ.

ಇಷ್ಟೆಲ್ಲ ಆಗಿ ನಾಲ್ಕನೇ ಸಲ ಹೋದೆ. ಈ ಸಲ ಪಾಸೇ ಅಂತ ಪಕ್ಕದ ಅಂಗಡಿಯವನನ್ನೂ ಕೂರಿಸಿಕೊಂಡು ಹೋಗಿದ್ದೆ. ಸಿಒ 2.2 ಬಂತು. ನಗು ಬಂತು. ಎಚ್‌ಸಿ 1900. ನಗು ಹೋಯಿತು. ಹುಡುಗ ಮಷೀನ್ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಿದ್ದ. "ಗಾಡಿ ಭಾಳ ಚಂದ ಐತ್ರಿ ಕಾಕಾ" ಅಂದ, ಸಮಾಧಾನಕ್ಕೆ.

ಸಿಒ ಸರಿ ಇದ್ದು ಎಚ್‌ಸಿ ಒಂದೇ ಜಾಸ್ತಿ ಅಂದರೆ ಎಲ್ಲೋ ಕಿಡಿ ತಪ್ಪುತ್ತಿದೆ, ಇಲ್ಲವೇ ಇನ್ನೂ ಗಾಳಿ ಸೋರುತ್ತಿದೆ. ನನಗೆ ಕಿಡಿಯ ಮೇಲೆ ಅನುಮಾನ ಬಂತು. ಕಿಡಿ ಹೊಡೆಸುವ ಸ್ವಿಚ್ಚಾದ ಪಾಯಿಂಟ್ಸ್ ಕಿತ್ತು ಎಲೆಕ್ಟ್ರಾನಿಕ್ ಮಾಡ್ಯೂಲ್ ಹಾಕೋಣ ಅಂತ ಆರು ಸಾವಿರ ಕೊಟ್ಟು ತರಿಸಿದೆ. ಪೆಟ್ಟಿಗೆಯ ಮೇಲೆ ನೆಗೆಟಿವ್ ಅರ್ಥ್ ಅಂತ ಸ್ಪಷ್ಟವಾಗಿ ಬರೆದಿತ್ತು. ಓದಲಿಲ್ಲ. ಜೋಡಿಸಿ ಕೀ ತಿರುಗಿಸಿದೆ. ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನಿಂದ ಅಗರಬತ್ತಿಯಷ್ಟು ತೆಳ್ಳಗೆ ಹೊಗೆ ಬಂತು. ಆರು ಸಾವಿರ, ಎರಡು ಸೆಕೆಂಡು. ಹದಿಮೂರು ವರ್ಷದಿಂದ ಪಾಸಿಟಿವ್ ಅರ್ಥ್ ಗಾಡಿ ಇಟ್ಟುಕೊಂಡು, ಬ್ಯಾಟರಿ ಅಂಗಡಿಯ ಹುಡುಗರಿಗೆಲ್ಲ ಪಾಠ ಹೇಳುವವನು ನಾನು.

ಸರಿ, ಪಾಯಿಂಟ್ಸೇ ಇರಲಿ ಅಂತ ಡಿಸ್ಟ್ರಿಬ್ಯೂಟರ್ ಬಿಚ್ಚಿದೆ. ಅದರ ಶಾಫ್ಟ್ ಬುಷ್ ಕೂಡ ಸವೆದಿತ್ತು. ಶಾಫ್ಟ್ ಅಲ್ಲಾಡಿದರೆ ಗ್ಯಾಪ್ 15 ಥೌ ಇಟ್ಟರೂ ಒಂದು ಸಿಲಿಂಡರಿಗೆ 12, ಇನ್ನೊಂದಕ್ಕೆ 18. ಅದಕ್ಕೂ ಬುಷ್ ಮಾಡಿ ಒತ್ತಿದೆ. ಕಿಡಿಯ ಟೈಮಿಂಗ್ 10 ಡಿಗ್ರಿಯಿಂದ ಆರಕ್ಕೆ ಇಳಿಸಿ ನೋಡಿದೆ. ಟೈಮಿಂಗ್ ಹಿಂದೆ ಸರಿದಷ್ಟೂ ಹೊಗೆ ಬಿಸಿಯಾಗಿ ಹೋಗುತ್ತೆ, ಸುಡದೆ ಉಳಿದದ್ದು ಪೈಪಿನಲ್ಲಿ ಸುಡುತ್ತೆ, ಎಚ್‌ಸಿ ಇಳಿಯುತ್ತೆ. ನಿಜಕ್ಕೂ ಇಳಿಯಿತು. ಆದರೆ ಗಾಡಿಯ ಜೀವವೇ ಹೋಯಿತು, ಲಾರಿ ಓಡಿಸಿದ ಹಾಗೆ. ಸುತ್ತು ಹಾದಿಯಲ್ಲಿ ಪಾಸಾಗುವುದು ಬೇಡ ಅಂತ 10ಕ್ಕೇ ವಾಪಸ್.

ನಿಜವಾದ ಕಳ್ಳ ಬೇರೆ ಕಡೆ ಇದ್ದ. ಇನ್‌ಲೆಟ್ ಮ್ಯಾನಿಫೋಲ್ಡಿನ (ಕಾರ್ಬುರೇಟರಿನಿಂದ ಎಂಜಿನ್ನಿಗೆ ಹೋಗುವ ಪೈಪು) ಮೇಲೆ ಅಣಬೆಯ ಹಾಗೆ ಒಂದು ಪಿಸಿವಿ ವಾಲ್ವ್ ಕೂತಿರುತ್ತೆ, ಎಂಜಿನ್ ಹೊಟ್ಟೆಯ ಆವಿಯನ್ನು ಮತ್ತೆ ಒಳಗೆ ಎಳೆದುಕೊಳ್ಳಲು, ನಿಮ್ಮ ಗಾಡಿಯಲ್ಲೂ ಇರಬಹುದು. ಒಳಗೆ ರಬ್ಬರ್ ಡಯಾಫ್ರಂ. ಮೇಲಿನ ಕ್ಲಿಪ್ ತೆಗೆದು ನೋಡಿದರೆ ಡಯಾಫ್ರಂ ಅಂಚಿನಲ್ಲಿ ಉಗುರಿನ ಚಂದ್ರನಷ್ಟು ಹರಿದಿತ್ತು. ಅಲ್ಲಿಂದ ಗಾಳಿ ನೇರ ಮ್ಯಾನಿಫೋಲ್ಡಿಗೆ. ಹಳೇ ಗ್ಯಾಸ್ ರೆಗ್ಯುಲೇಟರಿನ ಡಯಾಫ್ರಂ ಕತ್ತರಿಸಿ ಹಾಕಿ ನೋಡಿದೆ. ದಪ್ಪ ಜಾಸ್ತಿಯಾಗಿ ಪೀಪಿ ಊದಿದ ಹಾಗೆ ಸದ್ದು ಮಾಡಿತು. ಕೊನೆಗೆ 1200 ಕೊಟ್ಟು ಸರಿಯಾದದ್ದೇ ತರಿಸಿದೆ. ಹಾಕಿದ ಕ್ಷಣ ಐಡ್ಲಿಂಗ್ ಗಡಿಯಾರದ ಹಾಗೆ ಕೂತಿತು. ಉಯ್ಯಾಲೆ ನಿಂತಿತು.

ಆಮೇಲೆ ಮಾತ್ರ, ಎಲ್ಲಕ್ಕಿಂತ ಕೊನೆಗೆ, ನಟ್ ಮುಟ್ಟಿದೆ. ಟ್ಯಾಪೆಟ್ (ವಾಲ್ವಿಗೆ ಬಿಡುವ ಸಂದು) 15 ಥೌ. ಖಾನಾಪುರದ ತನಕ ಹೋಗಿ ಬಂದು ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಪೈಪ್ ಕಿವಿಗೆ ಹಿಡಿದು ಎರಡೂ ಕಾರ್ಬುರೇಟರಿನ ಉಸಿರು ಒಂದೇ ಶ್ರುತಿಗೆ ತಂದೆ. ಲಿಫ್ಟಿಂಗ್ ಪಿನ್ನಿನಿಂದ ಪಿಸ್ಟನ್ ಅಕ್ಕಿಕಾಳಿನ ಅರ್ಧ ದಪ್ಪದಷ್ಟು ಎತ್ತಿದಾಗ ವೇಗ ಒಂದು ಕ್ಷಣ ಏರಿ ಮತ್ತೆ ಕೂರಬೇಕು. ಅಲ್ಲಿಂದ ಒಂದು ಫ್ಲಾಟ್ ಮೇಲೆ. ಎರಡಕ್ಕೂ ಒಂದೇ ಅಲ್ಲ, ಒಂದಕ್ಕೆ ಇನ್ನೂ ಒಂಚೂರು ಬೇರೆ. ಯಾವುದಕ್ಕೆ, ಯಾಕೆ ಅನ್ನೋದು ನನ್ನ ಹತ್ತಿರವೇ ಇರಲಿ.

ಐದನೇ ಸಲ ಪಿಯುಸಿ ಕೇಂದ್ರದಲ್ಲಿ ಮುಂದೆ ಏಳು ಗಾಡಿ ಸಾಲು. ಎಸ್‌ಯು ಗಾಡಿಯನ್ನು ಬಿಸಿಲಲ್ಲಿ ಐಡ್ಲಿಂಗ್‌ನಲ್ಲಿ ಕಾಯಿಸಿದರೆ ಬಾನೆಟ್ ಒಳಗೆ ಕಾದು, ಫ್ಲೋಟ್ ಬೌಲಿನ ಪೆಟ್ರೋಲಿನ ಆವಿ ಸೇರಿ ರೀಡಿಂಗ್ ಏರುತ್ತೆ. ನಾನು ಎಂಜಿನ್ ಆಫ್ ಮಾಡಿ ಬಾನೆಟ್ ತೆರೆದು ಹೊಂಗೆ ನೆರಳಲ್ಲಿ ನಿಂತೆ. ಮುಂದೆ ಎರಡು ಗಾಡಿ ಉಳಿದಾಗ ಸ್ಟಾರ್ಟ್ ಮಾಡಿ ಆರ್‌ಪಿಡಿ ಸರ್ಕಲ್ ತನಕ ಹೋಗಿ ಒಂದು ಸುತ್ತು ಹಾಕಿ ಬಂದೆ. ಪ್ರೋಬ್ ಹಾಕುವ ಮುಂಚೆ ಅರ್ಧ ನಿಮಿಷ 2500ರಲ್ಲಿ ಹಿಡಿದು ಬಿಟ್ಟೆ. ಐಡ್ಲಿಂಗ್ 900.

1.4. 420.

ಹುಡುಗ ಮತ್ತೆ ಪ್ರೋಬ್ ಜಾಡಿಸಿ ಹಾಕಿದ. 1.4. "ಇಂಜೆಕ್ಷನ್ ಹಾಕ್ಸಿದ್ರೇನ್ರಿ ಕಾಕಾ?" ಅಂದ. ಬಾನೆಟ್ ಎತ್ತಿ ತೋರಿಸಿದೆ. ಮರುದಿನ ಅವನಿಗೆ ಅರ್ಧ ಕೆಜಿ ಕುಂದಾ ತೆಗೆದುಕೊಂಡು ಹೋಗಿ ಕೊಟ್ಟೆ. ನಾಲ್ಕು ಸಲ ನನ್ನ ಮುಖ ನೋಡಿದ ಪಾಪಕ್ಕೆ.

ಖರ್ಚು ನೆನಪಿನಿಂದ ಹೇಳುವುದಾದರೆ: ಸೈಲೆನ್ಸರ್ ಬಿಟ್ಟು ಮೂವತ್ತೆರಡು, ಮೂವತ್ತಮೂರು ಸಾವಿರ. ಅದರಲ್ಲಿ ಹದಿನಾರು, ಹದಿನೇಳು ಸಾವಿರ ಶುದ್ಧ ದಡ್ಡತನ: ಗೋವಾ, ಕೆಡಿಸಿದ ಬಾಡಿ, ಸುಟ್ಟ ಮಾಡ್ಯೂಲ್. ಲೇತ್ ಕೆಲಸಕ್ಕೆ ದುಡ್ಡು ಹಿಡಿದಿಲ್ಲ, ನಮ್ಮದೇ ಅಂಗಡಿ. ಹೊರಗೆ ಮಾಡಿಸಿದರೆ ಉದ್ಯಮಬಾಗದಲ್ಲಿ ಜೋಡಿಗೆ ಎರಡೂವರೆ, ಮೂರು ಸಾವಿರಕ್ಕೆ ಮಾಡಿಕೊಡುವವರು ಸಿಗುತ್ತಾರೆ, ಫಿಕ್ಸ್ಚರ್ ಇದೆಯಾ ಅಂತ ಕೇಳಿಯೇ ಕೊಡಿ. ಆರು ತಿಂಗಳಾದ ಮೇಲೆ ಮಳೆಗಾಲದಲ್ಲಿ ಮತ್ತೆ ಹೋದೆ, ಏನೂ ಮುಟ್ಟದೆ. 1.6 ಬಂತು. ಮೈಲೇಜ್ ಮೊದಲು ಎಂಟು ಕೊಡುತ್ತಿದ್ದದ್ದು ಈಗ ಹನ್ನೊಂದು ದಾಟುತ್ತಿದೆ.

ಒಂದು ಕಾಯಿಲೆ ಮಾತ್ರ ಇನ್ನೂ ಇದೆ. ಬಿಸಿ ಎಂಜಿನ್ನಿನಲ್ಲಿ ಕೀ ತೆಗೆದರೂ ಗಾಡಿ ನಾಲ್ಕೈದು ಸಲ ಗುಡುಗುಟ್ಟಿಯೇ ನಿಲ್ಲುತ್ತೆ. ಸದ್ಯಕ್ಕೆ ಬ್ರೇಕ್ ಒತ್ತಿ, ನಾಲ್ಕನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟು ಅದರ ಬಾಯಿ ಮುಚ್ಚಿಸ್ತಿದ್ದೇನೆ. ಈ ಚಳಿಗಾಲದಲ್ಲಿ ಹೆಡ್ ಇಳಿಸಿ ಕಾರ್ಬನ್ ಕೆರೆಯಬೇಕು. ಹೆಡ್ ಗ್ಯಾಸ್ಕೆಟ್ ಆಗಲೇ ತರಿಸಿ ಅಟ್ಟದ ಮೇಲೆ ಇಟ್ಟಿದ್ದೇನೆ, ಮನೆಯವರಿಗೆ ಇನ್ನೂ ಹೇಳಿಲ್ಲ.